ನಡುಮನೆಯಲ್ಲಿ ಹಾಕದ ಎಲೆ

ಸಮಾನತೆಯ ಮೇಲೆ ನಾನು ಹದಿನೈದು ನಿಮಿಷ ತಡವರಿಸದೆ ಮಾತಾಡಬಲ್ಲೆ. ಇದು ಹೆಮ್ಮೆಯ ಮಾತಲ್ಲ. ಕೆಲವರು ತಮಗೆ ಗೊರಕೆ ಹೊಡೆಯುವ ಅಭ್ಯಾಸವಿದೆ ಎಂದು ಒಪ್ಪಿಕೊಳ್ಳುತ್ತಾರಲ್ಲ, ಹಾಗೆ ಒಪ್ಪಿಕೊಳ್ಳುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಕಸುಬು ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳು ಸಾಕುವುದು. ಮಾತು ಕಲಿತದ್ದು ಶಿಬಿರದಲ್ಲಿ.

ಸೋಲೂರು ಕಡೆ ಒಂದು ಸಣ್ಣ ಆಶ್ರಮವಿತ್ತು. ಬಿಡದಿಯ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ, ಬೆಳಗಾದರೆ ಗಾರ್ಮೆಂಟ್ಸ್ ಗಾಡಿಗಳು ಹಳ್ಳಿಹಳ್ಳಿಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುತ್ತಿದ್ದ ವರ್ಷಗಳು ಅವು. ಊರು ಬದಲಾಗುತ್ತಿದೆ, ನಾವೂ ಬದಲಾಗಬೇಡವೇ ಎಂದು ಅಲ್ಲಿನ ಸ್ವಾಮಿಗಳು ಶಿಬಿರ ಶುರುಮಾಡಿದರು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ನ್ಯಾಯ ಅನ್ಯಾಯದ ಚರ್ಚೆ. ಎಲ್ಲ ಜೀವದೊಳಗೂ ಒಬ್ಬನೇ ದೇವರಿದ್ದರೆ ಕೆಲವರ ಲೋಟ ಮಾತ್ರ ಜಗಲಿಯ ಸಂದಿಯಲ್ಲಿ ಯಾಕಿರುತ್ತದೆ, ಎಂಬಂಥ ಪ್ರಶ್ನೆಗಳು. ಮೂರು ದಿನದ ಶಿಬಿರ ಮುಗಿದ ಮೇಲೆ ನಾಲ್ಕು ದಿನ ‘ಒಡನಾಟ ಯಾತ್ರೆ’. ನಮ್ಮದಲ್ಲದ ಬದುಕಿನ ಒಂದು ಮನೆಗೆ ಹೋಗಿ, ಅವರು ಉಂಡದ್ದನ್ನು ಉಂಡು, ಅವರು ಮಲಗಿದಲ್ಲಿ ಮಲಗಿ ಬರಬೇಕು.

ನನ್ನನ್ನು ರಾಮನಗರಕ್ಕೆ, ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಜರೀನಾಬಿ ಎಂಬಾಕೆಯ ಮನೆಗೆ ಕಳಿಸಿದರು. ಆಯುಷ್ಯವೆಲ್ಲ ಗೂಡು ಬೆಳೆದು ಅದೇ ಊರಿನ ಮಾರುಕಟ್ಟೆಗೆ ಹಾಕಿದವನು ನಾನು. ಅದು ಆಮೇಲೆ ಯಾರ ಕೈಗೆ ಹೋಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಜರೀನಾಬಿ ಕುದಿವ ನೀರಿಗೆ ಕೈ ಅದ್ದಿ ಎಳೆ ಹುಡುಕುತ್ತಿದ್ದರು. ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು ಸುಲಿದಿತ್ತು. “ಗೂಡು ಕೆಟ್ಟದಿದ್ರೆ ನಿಮ್ಗೆ ರೇಟಲ್ಲಿ ಗೊತ್ತಾಗ್ತದೆ ಗೌಡ್ರೆ, ನಮ್ಗೆ ಬೆರಳಲ್ಲಿ ಗೊತ್ತಾಗ್ತದೆ” ಅಂದು ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಗೂಡಿನೊಳಗೆ ಬೆಂದ ಹುಳುವಿನ ವಾಸನೆಗೋ ಮರುಕಕ್ಕೋ ಇವತ್ತಿಗೂ ಖಚಿತವಿಲ್ಲ. ಶಿಬಿರದಲ್ಲಿ ಮಾತ್ರ ಮರುಕಕ್ಕೆ ಎಂದೇ ಹೇಳಿದೆ.

ಊರಿಗೆ ಮರಳಿ ಹೆಂಡತಿ ಗೌರಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಅವರ ಮನೆಯಲ್ಲಿ ನನ್ನ ತಟ್ಟೆ ನಾನೇ ತೊಳೆದದ್ದನ್ನು ಎರಡು ಸಲ ಹೇಳಿದೆ. ಅವಳು ಸೊಪ್ಪು ಹೆಚ್ಚುತ್ತಾ ಪೂರ್ತಿ ಕೇಳಿಸಿಕೊಂಡು, “ರಾಮನಗರಕ್ಕೋದ್ರೆ ಮಾತ್ರ ನಿಮ್ಮ ಕೈ ಆಡ್ತವೆ ಅನ್ನಿ” ಅಂದಳು. ಹೆಚ್ಚಿದ ಸೊಪ್ಪನ್ನು ಮೊರಕ್ಕೆ ಸುರಿದು ಕೇಳಿದಳು: “ಅದಿರ್ಲಿ, ನಮ್ಮ ಕೆಂಪಮ್ಮನ ಮನೆ ಬಾಗ್ಲು ಯಾವ ಕಡೀಕೈತೆ, ಹೇಳಿ ನೋಡಾನ.”

ನನಗೆ ಗೊತ್ತಿರಲಿಲ್ಲ. ಕೆಂಪಮ್ಮ ಊರಾಚೆಯ ಕಾಲೋನಿಯವಳು, ಹದಿನೆಂಟು ವರ್ಷದಿಂದ ನಮ್ಮ ಹುಳುವಿನ ಮನೆಯಲ್ಲಿ ದುಡಿಯುತ್ತಿದ್ದವಳು. ಅವಳ ಮನೆಗೆ ನಮ್ಮ ಹಿತ್ತಲಿಂದ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ.

ಹುಳು ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳುವಿನ ಮನೆಯಷ್ಟು ಮಡಿ ದೇವರ ಕೋಣೆಗೂ ಇಲ್ಲ. ಅಲ್ಲಿಗೆ ನೆಂಟರನ್ನು ಬಿಡುವುದಿಲ್ಲ. ಹುಳು ಪೊರೆ ಬಿಡುವ ಹೊತ್ತಿಗೆ ನಾವು ಜ್ವರ ಎನ್ನುತ್ತೇವೆ. ಆಗ ಗಟ್ಟಿಯಾಗಿ ಮಾತೂ ಆಡುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ಮೇಯುವಾಗ ಕಣ್ಣು ಮುಚ್ಚಿ ಕೇಳಿದರೆ ಸೋನೆ ಮಳೆಯ ಸದ್ದು. ಅಷ್ಟು ಸೂಕ್ಷ್ಮದ ಜಾಗಕ್ಕೆ ಕೆಂಪಮ್ಮನ ಕೈಯೇ ಆಗಬೇಕಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತೇ ಇಲ್ಲವೇ ಎಂದು ಅವಳು ಹೇಳಿದರೇ ನನಗೆ ಸಮಾಧಾನ. ಅದೇ ಕೆಂಪಮ್ಮ ನಮ್ಮ ಅಡುಗೆಮನೆ ಇರಲಿ, ನಡುಮನೆಯ ಹೊಸಿಲನ್ನೂ ದಾಟಿರಲಿಲ್ಲ. ಇಷ್ಟು ವಿಚಿತ್ರವಾದ ಏರ್ಪಾಟು ನನ್ನ ಕಣ್ಣಿಗೇ ಬೀಳದ್ದು ಹೇಗೆಂದರೆ, ಅದು ನಾನು ಹುಟ್ಟಿದಾಗಿನಿಂದ ಕಣ್ಣೆದುರಿಗೇ ಇತ್ತು.

ಆಮೇಲಿನ ವರ್ಷಗಳಲ್ಲಿ ನಾನು ಶಿಬಿರಗಳಲ್ಲಿ ಮಾತಾಡುವವನೇ ಆಗಿಬಿಟ್ಟೆ. ಕನಕಪುರ, ಚನ್ನಪಟ್ಟಣ ಎಂದು ಓಡಾಡಿದೆ. ಅಷ್ಟರಲ್ಲಿ ಗೌರಮ್ಮನ ಕಿಡ್ನಿ ಕೆಟ್ಟಿತು. ಕೊನೆಯ ದಿನಗಳಲ್ಲಿ ಅವಳನ್ನು ಎತ್ತಿ ಕೂರಿಸಿದ್ದು, ತಲೆ ಬಾಚಿದ್ದು ಕೆಂಪಮ್ಮ. ಅದೂ ಹಿಂದಿನ ಜಗಲಿಯಲ್ಲಿ ಮಂಚ ಹಾಕಿಸಿಕೊಂಡು. ಒಳಗೆ ಸೆಕೆ ಎಂದು ಗೌರಮ್ಮ ಹೇಳಿದ್ದಳು. ಸೆಕೆಯಲ್ಲ ಕಾರಣ ಎಂಬುದು ನನಗೆ ಆಮೇಲೆ ಹೊಳೆಯಿತು. ಒಂದು ಮಧ್ಯಾಹ್ನ ಅವಳು ನನ್ನ ಕೈ ಹಿಡಿದು ಅಂದಳು: “ನನ್ನ ತಿಥಿ ದಿನ ಕೆಂಪಮ್ಮನ್ನ ನಡುಮನೇಲಿ, ಪಂಕ್ತೀಲಿ ಕೂರ್ಸಿ ಎಲೆ ಹಾಕ್ಸಿ. ಅದೊಂದ್ ಮಾಡಿ.” ಆಗಲಿ ಅಂದೆ. ಅದು ಬಿಟ್ಟರೆ ಅವಳು ನನ್ನಲ್ಲಿ ಏನನ್ನೂ ಕೇಳಲಿಲ್ಲ.

ಹನ್ನೊಂದನೇ ದಿನ ನಡುಮನೆಯಲ್ಲಿ ಎಲೆ ಹಾಕಿದರು. ಕೆಂಪಮ್ಮನನ್ನು ಕರೆಯಲು ನಾನು ಏಳುತ್ತಿದ್ದಂತೆ ಅಣ್ಣ ರಟ್ಟೆ ಹಿಡಿದ.

“ಎಲ್ಲಿಗ್ಲಾ?”

ಹೇಳಿದೆ.

“ನಿನ್ನ ಶಿಬ್ರ ಇವತ್ತೇ ಆಗ್ಬೇಕೇನ್ಲಾ? ಬೀಗ್ರು ಎಲೆ ಬುಟ್ಟು ಎದ್ದೋದ್ರೆ ಸತ್ತೋಳ್ಗೆ ಮರ್ಯಾದೆನಾ? ಸುಮ್ಕೆ ಕೂತ್ಕೊ ಕಣ್ಲಾ.”

ನಾನು ಕೂತುಕೊಂಡೆ. ಇದನ್ನು ಬರೆಯುವುದಕ್ಕೆ ನನಗೆ ಇಷ್ಟು ಪೀಠಿಕೆ ಬೇಕಾಯಿತು.

ಕೂತದ್ದಷ್ಟೇ ಆಗಿದ್ದರೆ ಹೇಡಿತನ ಎನ್ನಬಹುದಿತ್ತು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಪಂಕ್ತಿ ಎದ್ದ ಮೇಲೆ ಹಿತ್ತಲಲ್ಲಿ ಕೆಂಪಮ್ಮನಿಗೆ ಎಲೆ ಹಾಕಿ, ಶಿಬಿರದಲ್ಲಿ ಕಲಿತಂತೆ ಬಗ್ಗಿ, ಪಾಯಸ, ವಡೆ ಎಲ್ಲವನ್ನೂ ನನ್ನ ಕೈಯಾರೆ ಬಡಿಸಿದೆ. ಬಾಗಿಲಲ್ಲಿ ನಿಂತ ನೆಂಟರು, “ಎಂಥಾ ಮನ್ಸು ನೋಡಿ ಇವ್ರುದು” ಅಂದರು. ಆ ಗಳಿಗೆಯಲ್ಲಿ, ಹೆಂಡತಿ ಸತ್ತ ಹನ್ನೊಂದನೇ ದಿನ, ನನಗೆ ಖುಷಿಯಾಯಿತು. ಕೆಂಪಮ್ಮ ತಲೆಯೆತ್ತಲಿಲ್ಲ. “ಸಾಕು ಗೌಡ್ರೆ” ಎಂದು, ಒಂದು ತುತ್ತನ್ನೂ ಬಾಯಿಗಿಡದೆ ಎಲೆ ಮಡಿಸಿ ಎದ್ದು ಹೋದಳು. ಮಾರನೆಯ ದಿನದಿಂದ ಕೆಲಸಕ್ಕೆ ಬರಲಿಲ್ಲ.

ಒಂದು ವಾರ ತಡೆದು ಅವಳ ಮನೆಗೆ ಹೋದೆ. ಬಾಗಿಲು ಪೂರ್ವಕ್ಕಿತ್ತು. ಕ್ಷಮೆ ಕೇಳುವ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಎರಡು ವಾಕ್ಯ ಆಗುವಷ್ಟರಲ್ಲಿ ಅವಳು ಕೈಯೆತ್ತಿ ತಡೆದಳು.

“ಭಾಷ್ಣ ಬ್ಯಾಡಿ. ನಡುಮನೇಲಿ ಕೂರ್ಬೇಕು ಅಂತ ನಂಗೇನ್ ಆಸೆ ಇರ್ನಿಲ್ಲ. ಅದು ಅವ್ವಾರ ಆಸೆ, ನಂಗೂ ಹೇಳಿದ್ರು. ನೀವು ಮುರ್ದಿದ್ದು ಅವ್ರ್ಗೆ ಕೊಟ್ಟ ಮಾತ್ನ.”

ಅವಳು ಚಾಪೆ ಹಾಸಿದಳು. “ಕೂತ್ಕೊಳಿ. ಅವ್ವಾರೂ ಅಲ್ಲೇ ಕೂರೋರು.”

“ಗೌರಮ್ಮ ಇಲ್ಲಿಗೆ ಬರ್ತಿದ್ಲಾ?”

“ನೀವು ಶಿಬ್ರುಕ್ಕೋದಾಗೆಲ್ಲಾ ಬರೋರು. ಉರುಳಿಕಾಳ್ ಸಾರಂದ್ರೆ ಪ್ರಾಣ. ಉಂಡು, ಒಸಿ ಒತ್ತು ನಗಾಡ್ಕೊಂಡು ಓಗೋರು.”

“ನನಗೆ ಒಂದು ದಿನಾನೂ ಹೇಳ್ಲಿಲ್ಲವಲ್ಲ!”

ಕೆಂಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಅಂದುಕೊಂಡೆ, ನಗುತ್ತಿದ್ದಳು. “ಹೇಳ್ಬ್ಯಾಡ ಕಣೆ, ಅದ್ನೂ ತಕ್ಕೊಂಡೋಗಿ ಮೈಕಲ್ಲಿ ಹೇಳ್ಬುಡ್ತಾರೆ, ಅಂತಿದ್ರು.”

ಸತ್ತ ಮೇಲೂ ನನ್ನ ಹೆಂಡತಿ ನನ್ನನ್ನು ಇಷ್ಟು ಸರಿಯಾಗಿ ಗುರುತು ಹಿಡಿದಿದ್ದು ಕಂಡು ನನಗೂ ನಗು ಬಂತು, ಜೊತೆಗೆ ಅಳು. ಏಳುವಾಗ ಹೇಳಿದೆ: “ವರ್ಷದ ತಿಥಿಗೆ ಕರೀತೀನಿ ಕೆಂಪಮ್ಮ. ನಡುಮನೆಗೆ. ಯಾರು ಎದ್ದು ಹೋದ್ರೂ ಸರಿ.”

“ಕರೀರಿ. ಬರೋದು ಬುಡೋದು ನನ್ನಿಷ್ಟ.”

ವರ್ಷ ತುಂಬಲು ಇನ್ನು ಎರಡು ತಿಂಗಳಿದೆ. ಅಣ್ಣನಿಗೆ ಹೇಳಿದ್ದೇನೆ, ಅವನು ಮಾತು ಬಿಟ್ಟಿದ್ದಾನೆ. ಕೆಂಪಮ್ಮ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ, ಎಲೆಯನ್ನಂತೂ ಹಾಕಿರುತ್ತೇನೆ. ಇಷ್ಟನ್ನೂ ಅವಳನ್ನು ಕೇಳಿಯೇ ಬರೆದೆ. “ನಿಮ್ಮ ತಪ್ಪು ಎಷ್ಟು ಬೇಕಾದ್ರೂ ಬರ್ಕೊಳಿ” ಅಂದಳು. ಆದ್ದರಿಂದ ಆ ದಿನ ಅವಳ ಮನೆಯಲ್ಲಿ ನಾನು ಏನು ಉಂಡೆ, ಆಮೇಲೆ ಇಬ್ಬರೂ ಗೌರಮ್ಮನ ಬಗ್ಗೆ ಏನೇನು ಮಾತಾಡಿಕೊಂಡೆವು ಎಂಬುದನ್ನು ಹೇಳುವುದಿಲ್ಲ. ಅದು ಚೆನ್ನಾಗಿತ್ತು.