ನಾಲ್ಕನೇ ಅಧ್ಯಾಯದ ಖಾಲಿ ಜಾಗ

"ನಾಲ್ಕನೇ ಅಧ್ಯಾಯದ ಸಮೀಕರಣಗಳು ಬಹಳ ಸೊಗಸಾಗಿವೆ" ಎಂದು ಪರೀಕ್ಷಕರು ಹೊಗಳಿದಾಗ ನಾನು ಬೆವೆತುಹೋದೆ. ಅವರ ಮುಂದೆ ತೆರೆದಿದ್ದ ಆ ಅಧ್ಯಾಯದಲ್ಲಿ ಸಮೀಕರಣಗಳೇ ಇರಲಿಲ್ಲ!

ಪರಮಾಣುವಿನೊಳಗಿನ ಕಣಗಳ ಕುರಿತು, ಗೇಜ್ ಸಿದ್ಧಾಂತವೆಂಬ ಗಣಿತದ ಚೌಕಟ್ಟು ಹಿಡಿದು ನಾನು ಬರೆದ ಪಿಎಚ್.ಡಿ. ಪ್ರಬಂಧವನ್ನು ಟೈಪ್ ಮಾಡಿದವರು ನಮ್ಮ ಉಡುಪಿಯ ಕಡಿಯಾಳಿಯ ಟೈಪಿಸ್ಟ್ ವಾರಿಜಕ್ಕ. ಅವರ ಟೈಪ್‌ರೈಟರಿನಲ್ಲಿ ಗ್ರೀಕ್ ಅಕ್ಷರಗಳಿಲ್ಲದ ಕಾರಣ ಸಮೀಕರಣಗಳ ಜಾಗ ಖಾಲಿ ಬಿಟ್ಟಿದ್ದರು. ಪ್ರತಿಯೊಂದು ಕಾರ್ಬನ್ ಪ್ರತಿಯಲ್ಲೂ ನಾನೇ ಪೆನ್ನಿನಿಂದ ಬರೆಯಬೇಕಿತ್ತು. ಪರೀಕ್ಷಕರ ಪ್ರತಿಯಲ್ಲಿ ಆ ಒಂದು ಅಧ್ಯಾಯಕ್ಕೆ ಬರೆಯುವುದು ಮರೆತೇಹೋಗಿತ್ತು. ನನ್ನ ಕೈ ಜೇಬಿನ ಪೆನ್ನನ್ನು ತಡಕಿತು. ಅವರು ಕೈ ಕುಲುಕಿ ನನ್ನನ್ನು 'ಡಾಕ್ಟರ್' ಎಂದರು.

ಉಡುಪಿಗೆ ಮರಳಿ ವಿಷಯ ಹೇಳಿದಾಗ ವಾರಿಜಕ್ಕ ನಗಲಿಲ್ಲ. "ಹಾಗಾದ್ರೆ ಉಳಿದದ್ದನ್ನೆಲ್ಲ ನಾನು ಟೈಪ್ ಮಾಡಿದ್ದು ಎಂತಕ್ಕೆ ಮಾರಾಯ್ರೆ?"

ಇಂದಿಗೂ ಯಾರಾದರೂ 'ಡಾಕ್ಟ್ರೇ' ಎಂದು ಕರೆದರೆ, ನನ್ನ ಕೈ ಮೊದಲು ಜೇಬಿನ ಪೆನ್ನಿಗೆ ಹೋಗುತ್ತದೆ.