ಪಕ್ಕದ ಪರದೆಯ ಪಿಸುಪಿಸು

ಅವಳ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತರೆ ಉಳಿದವರು ಬಂದು ಹಣೆ ಮುಟ್ಟಿ ನೋಡುತ್ತಿದ್ದರು, ಜ್ವರವೇನೋ ಎಂದು. ಅಪ್ಪ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಬೆಳಗ್ಗೆ ಅಲ್ಲಿ ಏರಿಸಿದ ದನಿಯನ್ನು ಮನೆಗೆ ಬಂದ ಮೇಲೂ ಇಳಿಸಲು ಮರೆಯುತ್ತಿದ್ದರು. ಅಮ್ಮ ಹೊಲಿಗೆ ಯಂತ್ರದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಯಂತ್ರವನ್ನೇ ಮೀರಿಸಿದ್ದಳು. ಅಜ್ಜಿಗೆ ಕಿವಿ ಮಂದ. ಇಂಥ ಮನೆಯ ಹುಡುಗಿಗೆ ದನಿಯೇ ಇರಲಿಲ್ಲ. "ಇವಳ ಪಾಲಿನ ಗಂಟಲೂ ನಾನೇ ಹೊಡ್ಕೊಂಡ್ಬಿಟ್ಟಿದ್ದೀನಿ" ಎಂದು ಅಪ್ಪ ನಗುತ್ತಿದ್ದರು.

ವಿಶ್ವವಿದ್ಯಾಲಯಕ್ಕೆ ರಸಾಯನಶಾಸ್ತ್ರ ಓದಲು ಬಂದವಳು ಮೊದಲ ವರ್ಷವೆಲ್ಲ ಲ್ಯಾಬಿನಿಂದ ಹಾಸ್ಟೆಲ್ಲಿಗೆ, ಹಾಸ್ಟೆಲ್ಲಿನಿಂದ ಲ್ಯಾಬಿಗೆ ನೆಲ ನೋಡಿಕೊಂಡು ನಡೆದಳು. ಎರಡನೇ ವರ್ಷದ ಆರಂಭದಲ್ಲಿ ಸಂಘಗಳವರು ಕಾರಿಡಾರಿನಲ್ಲಿ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದರು. ಧೈರ್ಯ ಮಾಡಿ ಹೋದಳು. ಹಾಡಿನ ಸಂಘದವರು "ಕೇಳಿಸ್ತಾ ಇಲ್ಲಮ್ಮ" ಎಂದರು. ಚರ್ಚೆಯ ಸಂಘದವರೂ ಅದನ್ನೇ ಹೇಳಿದರು. ಕೊನೆಗೆ ಉಳಿದದ್ದು ನಾಟಕದವರು.

ಅಲ್ಲಿ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನಾಟಕ ಆಡಿಸುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಅಕ್ಕ ಇವಳ ಕೈಗೆ ಒಂದು ಹಾಳೆ ಕೊಟ್ಟು ರಂಗದ ಮೇಲೆ ನಿಲ್ಲಿಸಿ, ತಾನು ಕೊನೆಯ ಸಾಲಿನಲ್ಲಿ ಕೂತಳು. "ಏನಂದೆ?" ಎನ್ನುತ್ತ ಒಂದೊಂದೇ ಸಾಲು ಮುಂದೆ ಬಂದಳು. ರಂಗದ ಮೇಲೇ ಹತ್ತಿ, ಪಕ್ಕದ ಪರದೆಯ ಹತ್ತಿರ ಬಂದಾಗ ತಟ್ಟನೆ ನಿಂತಳು.

"ಇಲ್ಲಿಗೆ ಕೇಳಿಸುತ್ತೆ, ಕೆಳಗೆ ಕೇಳಿಸಲ್ಲ. ನಮಗೆ ಪ್ರಾಂಪ್ಟರ್ ಸಿಕ್ಕಿದಳು ಕಣ್ರೋ!"

ಅಂದಿನಿಂದ ಎಲ್ಲರ ಬಾಯಲ್ಲೂ ಅವಳ ಹೆಸರು ಪಿಸುಪಿಸು. ನಟರು ಮಾತು ಮರೆತಾಗ ಪರದೆಯ ಮರೆಯಿಂದ ಎತ್ತಿಕೊಡುವುದು ಅವಳ ಕೆಲಸ. ಸಂಜೆಗಳು ತುಂಬಿಕೊಂಡವು. ರಟ್ಟಿನ ಮರಗಳಿಗೆ ಹಸಿರು ಬಳಿಯುವುದು, ಟೀ ತರುವ ಸರದಿ ಯಾರದೆಂದು ಜಗಳ, ಒಬ್ಬರ ಮೀಸೆ ಇನ್ನೊಬ್ಬರಿಗೆ ಅಂಟಿಸಿ ನಗುವುದು. ಮೊಣಕೈಗೆ ಬಣ್ಣ ಮೆತ್ತಿಕೊಂಡು ಹಾಸ್ಟೆಲ್ಲಿಗೆ ಮರಳುವಾಗ, ಇದನ್ನು ತೊಳೆಯದೆ ಹಾಗೇ ಬಿಡಲೇ ಎಂದುಕೊಳ್ಳುತ್ತಿದ್ದಳು.

ಆ ವರ್ಷದ ನಾಟಕ ಒಬ್ಬ ಮುದಿ ಅಂಬಿಗನದು. ಹೊಳೆಗೆ ಸೇತುವೆ ಬಂದಿದೆ. ಇನ್ನು ಮುಂದೆ ಏನು ಮಾಡ್ತೀಯ ಎಂದು ಮಗಳು ಕೇಳುತ್ತಾಳೆ. ಅಂಬಿಗ ಕೊಂಚ ಸುಮ್ಮನಿದ್ದು, "ದೋಣಿಗೆ ಬಣ್ಣ ಹಚ್ತೀನಿ" ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಅಂಬಿಗನ ಪಾತ್ರದವನು ಗಣಿತದ ಹುಡುಗ. ಎಲ್ಲರ ಬಾಯಲ್ಲೂ ಅವನು ಅಂಬಿಗನೇ ಆಗಿಹೋಗಿದ್ದ.

ಮೊದಲ ಪ್ರದರ್ಶನ ಹಾಸ್ಟೆಲ್ಲಿನವರಿಗಾಗಿ. ಕೊನೆಯ ಪ್ರಶ್ನೆ ಬಂತು. ಅಂಬಿಗ ಸುಮ್ಮನಾದ. ತಾಲೀಮಿನಲ್ಲಿ ಎರಡು ಉಸಿರಿನಷ್ಟಿದ್ದ ಮೌನ ಅಂದು ಬೆಳೆಯುತ್ತಲೇ ಹೋಯಿತು. ಅವನು ಮರೆತನೆಂದುಕೊಂಡ ಪಿಸುಪಿಸು ಪರದೆಯ ಅಂಚಿಗೆ ಸರಿದು, "ದೋಣಿಗೆ..." ಎಂದಳು. ಅವನು ಅಲುಗಲಿಲ್ಲ. "ದೋಣಿಗೆ ಬಣ್ಣ..." ಅವನು ಕಲ್ಲು. ಮೂರನೇ ಸಲ, ಅಪ್ಪನ ತರಕಾರಿ ಮಂಡಿಯೇ ಬಂದು ಗಂಟಲಲ್ಲಿ ನಿಂತಂತಾಗಿ, "ದೋಣಿಗೆ ಬಣ್ಣ ಹಚ್ತೀನಿ!" ಎಂದುಬಿಟ್ಟಳು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವಳ ದನಿ ಸಭೆಗೆ ಮುಟ್ಟಿತು.

"ಹಚ್ಚಜ್ಜಾ, ಬೇಗ ಹಚ್ಚು! ಮೆಸ್ ಬಾಗಿಲು ಹಾಕ್ತಾರೆ!" ಎಂದು ಯಾರೋ ಕೂಗಿದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು.

"ನಾನು ಮರೆತಿರಲಿಲ್ಲ ಕಣೇ" ಎಂದ ಅಂಬಿಗ, ತೆರೆ ಬಿದ್ದ ಮೇಲೆ ಬಿಳಿಗಡ್ಡ ಕೀಳುತ್ತ. "ಜನ ಉಸಿರು ಬಿಗಿ ಹಿಡಿದು ಕೂತಿದ್ರು. ಅದಕ್ಕೇ ಎಳೆದೆ."

ಅಕ್ಕ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಮುಂದಿನ ತಿಂಗಳ ನಾಟಕೋತ್ಸವಕ್ಕೆ ಬೇರೆ ವಿಶ್ವವಿದ್ಯಾಲಯದವರೆಲ್ಲ ಬರ್ತಾರೆ. ಈ ಸಲ ಪ್ರಾಂಪ್ಟರ್ ಬೇಡ. ನೀನು ಕೆಳಗೆ ಕೂತು ನೋಡು" ಎಂದಳು.

ಕೆಳಗೆ ಎಂದರೆ ನೋಡುವವರ ಜೊತೆ. ಮೊದಲ ವರ್ಷದಂತೆ. ಮನೆಗೆ ಫೋನು ಮಾಡಿದಳು. ಅಪ್ಪ ಕಥೆಯನ್ನೆಲ್ಲ ಕೇಳಿ, "ಮೊದಲನೇ ಸಲಾನೇ ಜೋರಾಗಿ ಹೇಳ್ಬೇಕಿತ್ತು ಮಗಳೇ!" ಎಂದದ್ದು ಹಾಸ್ಟೆಲ್ಲಿನ ಕಾರಿಡಾರಿಗೆಲ್ಲ ಕೇಳಿಸಿತು. ಅಳುತ್ತಿದ್ದವಳಿಗೆ ನಗು ಬಂತು.

ಮರುದಿನ ಅವಳು ನೇರವಾಗಿ ಅಕ್ಕನ ಮುಂದೆ ನಿಂತಳು. "ಮರೆತ ಮೌನ ಯಾವುದು, ಬೇಕಂತ ಇರೋ ಮೌನ ಯಾವುದು ಅಂತ ಕಲಿತ್ಕೋತೀನಿ. ಆಗದಿದ್ರೆ ನಾನೇ ಕೆಳಗೆ ಹೋಗ್ತೀನಿ."

"ಅದನ್ನ ಯಾರು ಕಲಿಸ್ತಾರೆ?"

"ಅವನೇ" ಎಂದು ಅಂಬಿಗನ ಕಡೆ ಕೈ ತೋರಿಸಿದಳು.

ಅಂಬಿಗ ಒಪ್ಪಿದ. ದಿನಾ ಮಧ್ಯಾಹ್ನ ಬೇರೆ ಯಾವುದೋ ನಾಟಕದ ಪುಟವೊಂದನ್ನು ಅರೆಬರೆ ಬಾಯಿಪಾಠ ಮಾಡಿ ಬಂದು ಸಂಜೆ ಹೇಳುತ್ತಿದ್ದ. ಕೆಲವೆಡೆ ನಿಜಕ್ಕೂ ಮರೆತು ನಿಲ್ಲುತ್ತಿದ್ದ, ಕೆಲವೆಡೆ ಬೇಕೆಂದೇ. ಪುಸ್ತಕ ಮಡಿಚಿಟ್ಟು ಅವಳು ಅವನನ್ನೇ ನೋಡಿ, ಇದು ಯಾವ ಮೌನ ಎಂದು ಹೇಳಬೇಕು. ತಪ್ಪಿದರೆ ಅವಳು, ಸರಿಯಾದರೆ ತಾವು ಟೀ ತರುವುದೆಂದು ಉಳಿದವರು ಪಂದ್ಯ ಕಟ್ಟಿದರು.

"ಮರೆತ."

"ಇಲ್ಲ! ತಗೊಂಡು ಬಾ ಟೀ!"

ವಾರವಿಡೀ ಟೀ ತಂದದ್ದು ಅವಳೇ. ಕ್ಯಾಂಟೀನಿನವರು "ಏನಮ್ಮ, ನಾಟಕದವರ ಸೊಸೆಯಾಗಿಬಿಟ್ಯಾ?" ಎಂದು ಕೇಳಿದರು. ಆಮೇಲೊಂದು ಸಂಜೆ, ಟೀ ಹಂಚುತ್ತ ಬಗ್ಗಿದವಳಿಗೆ ಅವನ ಪಾದ ಕಂಡಿತು. ಮರೆತಾಗ ಎಡ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು. ಬೇಕೆಂದು ನಿಂತಾಗ ಎರಡೂ ಪಾದ ಗಟ್ಟಿಯಾಗಿ ಊರಿರುತ್ತಿದ್ದವು. ದೋಣಿಯ ರಟ್ಟು ಅಡ್ಡವಾಗಿ ಸಭೆಗೆ ಅದು ಕಾಣದು. ಪಕ್ಕದ ಪರದೆಗೆ ಮಾತ್ರ ಕಾಣುತ್ತದೆ. ಅವನಿಗೆ ಹೇಳಲಿಲ್ಲ, ಹೇಳಿದರೆ ಕಾಲು ಕಟ್ಟಿಹಾಕಿದಂತೆ ನಿಂತುಬಿಟ್ಟಾನು. ಆ ಸಂಜೆಯಿಂದ ಟೀ ತಂದವರು ಉಳಿದವರು.

"ಸರಿ, ನಿಂತ್ಕೋ" ಎಂದಳು ಅಕ್ಕ. "ಆದ್ರೆ ಇನ್ನೊಮ್ಮೆ ಹಾಗಾದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟಳು.

ಉತ್ಸವದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಎರಡನೇ ದೃಶ್ಯದಲ್ಲಿ ಅಂಬಿಗನ ಹಿಮ್ಮಡಿ ಎದ್ದಿತು. "ಹಗ್ಗ" ಎಂದಳು, ಒಂದೇ ಪದ. ಅವನು ಹಗ್ಗದ ಮಾತನ್ನು ಎತ್ತಿಕೊಂಡು ಮುಂದೆ ಹೋದ.

ಕೊನೆಯ ಪ್ರಶ್ನೆ ಬಂತು. ಅವನು ಸುಮ್ಮನಾದ. ಹಿಮ್ಮಡಿ ನೆಲದ ಮೇಲಿತ್ತು. ಮೌನ ಹಾಸ್ಟೆಲ್ಲಿನ ದಿನದ್ದನ್ನು ದಾಟಿತು, ಇನ್ನೂ ದಾಟಿತು. ಯಾರೋ ಕೆಮ್ಮಲು ಹೋಗಿ ನುಂಗಿಕೊಂಡರು. ಅವಳ ನಾಲಿಗೆಯ ತುದಿಯಲ್ಲಿ ಇಡೀ ಮಾತು ಸಾಲಾಗಿ ನಿಂತಿತ್ತು. ದುಪಟ್ಟಾದ ಅಂಚನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಪಾದದಿಂದ ಕೀಳದೆ ನಿಂತಳು. ಆಗ ಅವಳಿಗೆ ಕೇಳಿಸಿತು: ಅಷ್ಟು ಜನ ಒಟ್ಟಿಗೆ ಕಾಯುವುದಕ್ಕೂ ಒಂದು ಸದ್ದಿದೆ, ಹೊಳೆಯ ನೀರು ದಡ ಮುಟ್ಟಿ ಹಿಂದೆ ಸರಿಯುವಂಥ ಸದ್ದು.

"ದೋಣಿಗೆ ಬಣ್ಣ ಹಚ್ತೀನಿ" ಎಂದ ಅಂಬಿಗ.

ಯಾರೂ ನಗಲಿಲ್ಲ. ತೆರೆ ಬಿದ್ದ ಮೇಲೂ ಚಪ್ಪಾಳೆ ಬರಲು ತುಸು ಹೊತ್ತಾಯಿತು. ಬಂದದ್ದು ನಿಲ್ಲಲಿಲ್ಲ.

ಅಕ್ಕ ಸಭೆಯಿಂದ ಓಡಿ ಬಂದಳು. "ಲೇ, ನಿನ್ನ ದನೀನೇ ಕೇಳಿಸ್ಲಿಲ್ಲ. ಇದ್ದೆ ತಾನೇ?"

"ಇದ್ದೆ ಅಕ್ಕ."

"ಹ್ಞೂಂ. ಮುಂದಿನ ವರ್ಷ ನಾನಿರಲ್ಲ. ಪರದೆ ಪಕ್ಕದ ಆ ಜಾಗ ಯಾರಿಗೂ ಬಿಟ್ಟುಕೊಡಬೇಡ."