ಹಸಿರು ಬಣ್ಣದ ಕೆಳಗಿನ ಹೆಸರು

ಲಕ್ಷ್ಮಕ್ಕ, ನಿಮ್ಮ ನೀರಿನ ಕ್ಯಾನು ಕಳೆದುಹೋಗಲಿಲ್ಲ. ನಾನು ಸುಳ್ಳು ಹೇಳಿದೆ. ಅದು ಇವತ್ತಿಗೂ ರಾಯದುರ್ಗದ ನನ್ನ ಶೆಡ್ಡಿನಲ್ಲಿ, ನನ್ನ ಹಳೇ ಮಿಲಿಟರಿ ಲಾರಿಯ ಎಡಮಗ್ಗುಲಲ್ಲಿದೆ — ನಾನೇ ಬೋಲ್ಟು ಬಿಗಿದು ಕೂರಿಸಿದ್ದು.

ಹರಾಜಿನಲ್ಲಿ ತಂದ ಆ ಲಾರಿಯನ್ನು ಮೊದಲಿನಂತೆ ಮಾಡುವುದರಲ್ಲೇ ನನ್ನ ವಯಸ್ಸು ಕಳೆಯಿತು. ಅದರ ಕಾಲಕ್ಕೆ ಸೇರದ ಒಂದು ಮೊಳೆಯೂ ಅದರ ಮೈಮೇಲೆ ಇರಬಾರದೆಂಬ ಹುಚ್ಚು. ಗುದ್ದಲಿ, ಕೊಡಲಿ, ಹಿಂದಿನ ಸಣ್ಣ ದೀಪ — ಎಲ್ಲವನ್ನೂ ಹುಡುಕಿ ಅದರದರ ಜಾಗಕ್ಕೆ ಕೂರಿಸಿದೆ. ಲಾರಿಯನ್ನೇ ಕಟ್ಟಿಕೊಂಡವನು ಎಂದು ಊರವರು ನಕ್ಕರು. ನೆಂಟರು ಬಂದರೂ ಬೋಲ್ಟಿನ ಕಥೆಯನ್ನೇ ಹೇಳುತ್ತಿದ್ದೆ. ಅವರೂ ಬರುವುದು ಬಿಟ್ಟರು. ಮಗ್ಗುಲಿಗೆ ಬಿಗಿಯುವ ತಗಡಿನ ನೀರಿನ ಕ್ಯಾನೊಂದೇ ಸಿಕ್ಕಿರಲಿಲ್ಲ.

ಅದು ಅಮರಾಪುರದ ನಿಮ್ಮ ಮನೆಯಲ್ಲಿತ್ತು. ಅಂಥದೇ ಲಾರಿ ಓಡಿಸುತ್ತಿದ್ದ ನಿಮ್ಮ ಯಜಮಾನರು ಸೈನ್ಯದಿಂದ ನಿವೃತ್ತರಾದಾಗ, ಗುಜರಿಗೆ ಬಿದ್ದಿದ್ದ ತಮ್ಮ ಕ್ಯಾನನ್ನು ಕೇಳಿ ತಂದಿದ್ದರು. ಸೈನ್ಯದಲ್ಲಿದ್ದಾಗಲೇ, ಬೇರೆ ಡ್ರೈವರುಗಳ ಕ್ಯಾನಿನ ಜೊತೆ ಅದಲುಬದಲಾಗದಿರಲೆಂದು ಅದರ ಮೇಲೆ ಬಿಳಿ ಬಣ್ಣದಲ್ಲಿ ನಿಮ್ಮ ಹೆಸರು ಬರೆದಿದ್ದರು. ಅವರು ತೀರಿಹೋದ ಮೇಲೂ ನೀವು ಕುರಿಹಟ್ಟಿಗೆ ಅದರಲ್ಲೇ ನೀರು ಹೊರುತ್ತಿದ್ದಿರಿ; ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದಿರಿ.

"ನಂಗೆ ಓದಾಕೆ ಬರಾಕಿಲ್ಲ ಕಣಪ್ಪ. ಇದೊಂದು ಹೆಸ್ರು ಮಾತ್ರ ಗುರ್ತು ಸಿಗ್ತೈತೆ," ಎಂದು, ನಾನು ಹುಡುಕಿಕೊಂಡು ಬಂದ ದಿನ ಅಕ್ಷರಗಳ ಮೇಲೆ ಬೆರಳಾಡಿಸಿದ್ದಿರಿ.

"ಅಳತಿ ತಗೊಂಡು ವಾಪಸ್ ತಂದ್ ಕೊಡ್ತೀನ್ರಿ," ಎಂದು ಒಯ್ದೆ.

ಅಳತೆ ತೆಗೆದೆ, ಕ್ಯಾನು ಹಿಡಿಯುವ ಪಟ್ಟಿ ಮಾಡಿದೆ, ಒಮ್ಮೆ ಕೂರಿಸಿ ನೋಡೋಣ ಅಂದುಕೊಂಡೆ — ಎಷ್ಟು ಚೆನ್ನಾಗಿ ಕೂತಿತೆಂದರೆ, ನನ್ನ ಬುದ್ಧಿ ಅಲ್ಲೇ ಕೆಟ್ಟಿತು. ಬಿಳಿ ಅಕ್ಷರ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಮಿಲಿಟರಿ ಲಾರಿಯ ಮೇಲೆ ಹೆಂಗಸಿನ ಹೆಸರು ಇರುತ್ತದೆಯೇ? ಉಪ್ಪುಕಾಗದ ಹಿಡಿದು ಉಜ್ಜಿದೆ. ಮೊದಲು ಕುಂಕುಮ ಹೋಯಿತು, ಆಮೇಲೆ ಅಕ್ಷರ. ಹಸಿರು ಬಳಿದೆ. ಆ ಲಾರಿಯ ಮೇಲೆ ನಾನು ಕೂರಿಸಿದ್ದರಲ್ಲೆಲ್ಲ ನಿಜವಾಗಿ ಸೈನ್ಯ ಕಂಡಿದ್ದೆಂದು ನನಗೆ ಗೊತ್ತಿದ್ದದ್ದು ಆ ಕ್ಯಾನು, ಆ ಹೆಸರು ಮಾತ್ರ — ಇದು ಆಗ ನನಗೆ ಹೊಳೆಯಲಿಲ್ಲ.

ಕ್ಯಾನು ವಾಪಸು ಕೊಡೆಂದು ನೀವು ಹೇಳಿಕಳಿಸಿದಾಗ, ಬಸ್ಸಿನ ಮೇಲಿಂದ ಎಲ್ಲೋ ಬಿದ್ದುಹೋಯಿತು ಎಂದೆ.

ಆಮೇಲೆ ಮಡಕಶಿರಾದಲ್ಲಿ ಹಳೇ ವಾಹನಗಳ ಪ್ರದರ್ಶನಕ್ಕೆ ನೀವು ಬಂದಿರಿ. ನಿಮ್ಮ ಯಜಮಾನರು ಓಡಿಸಿದಂಥ ಲಾರಿಯನ್ನು ಒಂದು ಸುತ್ತು ಬಂದು, ಕ್ಯಾನಿನ ಎದುರು ನಿಂತು, ಹೆಸರಿದ್ದ ಜಾಗವನ್ನೇ ಸವರಿದಿರಿ.

"ನಮ್ದೂ ಹಿಂಗೇ ಇತ್ತು ಕಣಪ್ಪ. ಇದ್ರ ಮ್ಯಾಲೆ ಹೆಸ್ರಿಲ್ಲ."

ನಿಮಗೆ ಗೊತ್ತಾಗಿತ್ತೋ ಏನೋ — ನಾನು ತಲೆ ಎತ್ತಲಿಲ್ಲ, ಬಾನೆಟ್ಟು ಒರೆಸುತ್ತಲೇ ಇದ್ದೆ. ಎಲ್ಲರೂ ಲಾರಿಯನ್ನು ಹೊಗಳಿ ಹೋದರು. ವಾಪಸು ಬರುವಾಗ ಪಕ್ಕದ ಸೀಟು ಖಾಲಿಯಿತ್ತು; ಅಷ್ಟು ಒಂಟಿತನ ನನಗೆ ಹಿಂದೆಂದೂ ಅನಿಸಿರಲಿಲ್ಲ.

ನಾಳೆ ಬೆಳಿಗ್ಗೆ ಬೋಲ್ಟು ಬಿಚ್ಚಿ ಕ್ಯಾನನ್ನು ಅಮರಾಪುರಕ್ಕೆ ತರುತ್ತೇನೆ. ಶೆಡ್ಡಿನಲ್ಲಿ ಬಿಳಿ ಬಣ್ಣವಿದೆ, ಸಣ್ಣ ಕುಂಚವೂ ಇದೆ. ನಿಮ್ಮ ಹೆಸರನ್ನು ನಾನು ಮತ್ತೆ ಬರೆಯಬಲ್ಲೆ — ಆದರೆ ಅದು ನನ್ನ ಅಕ್ಷರವಾಗುತ್ತದೆ, ನಿಮ್ಮ ಯಜಮಾನರದಲ್ಲ. ಬರೆಯದೆ ತರುತ್ತೇನೆ.